ಆ ನಕ್ಷೆ ನೋಡಿ ಟಿಕೆಟ್ ಕ್ಯಾನ್ಸಲ್ ಮಾಡಬೇಡಿ

ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ ಕೆಲಸ ಸಿಕ್ಕಿದೆ, ಆದರೆ ದ್ವೇಷ ಕಾರುವ ಗುಂಪುಗಳ ಮೇಲೆ ಕಣ್ಣಿಡುವ ಎಸ್‌ಪಿಎಲ್‌ಸಿ (ಸದರ್ನ್ ಪಾವರ್ಟಿ ಲಾ ಸೆಂಟರ್) ಸಂಸ್ಥೆಯವರ ‘ಹೇಟ್ ಮ್ಯಾಪ್’ನಲ್ಲಿ ಜಾರ್ಜಿಯಾ ತುಂಬ ಚುಕ್ಕೆಗಳಿವೆ, ಹೆಂಡತಿ ಮಗಳನ್ನು ಕರೆದುಕೊಂಡು ಬರಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಬನ್ನಿ. ನಾವು ಸಂಸಾರ ಸಮೇತ ಇಲ್ಲೇ ಬಹಳ ವರ್ಷಗಳಿಂದ ಇದ್ದೇವೆ. ಹಾಗಂತ ಆ ನಕ್ಷೆ ಸುಳ್ಳು ಅನ್ನುತ್ತಿಲ್ಲ.

ಚುಕ್ಕೆ ಅಂದರೆ ಅಲ್ಲಿ ಹಲ್ಲೆ ನಡೆದಿದೆ ಅಂತಲ್ಲ, ಒಂದು ಗುಂಪು ಇದೆ ಅಂತ. ಬಿಳಿಯರೇ ಶ್ರೇಷ್ಠ ಅನ್ನುವ ಕು ಕ್ಲಕ್ಸ್ ಕ್ಲಾನ್ ಆಗಲಿ, ನವನಾಜಿಗಳಾಗಲಿ, ವಲಸಿಗರ ವಿರೋಧಿಗಳಾಗಲಿ, ಎಲ್ಲರಿಗೂ ಚುಕ್ಕೆಯೇ. ಆ ಗುಂಪಿನಲ್ಲಿ ಎಷ್ಟು ಜನ ಅನ್ನುವುದು ಚುಕ್ಕೆಯಿಂದ ತಿಳಿಯುವುದಿಲ್ಲ. ಇಲ್ಲಿನ ಕಾನೂನಿನಲ್ಲಿ ದ್ವೇಷ ಕಾರುವ ಸಂಘ ಕಟ್ಟಿಕೊಂಡ ಮಾತ್ರಕ್ಕೆ ಅಪರಾಧ ಆಗುವುದೂ ಇಲ್ಲ. ಅಪರಾಧಗಳ ಲೆಕ್ಕ ಬೇಕಿದ್ದರೆ ಎಫ್‌ಬಿಐ ಪ್ರತಿವರ್ಷ ಕೊಡುವ ಅಂಕಿಅಂಶ ನೋಡಿ. ಅದರಲ್ಲೂ ಪೊಲೀಸರು ಬರೆದು ಕಳಿಸಿದ್ದಷ್ಟೇ ಇರುತ್ತದೆ.

ಎಸ್‌ಪಿಎಲ್‌ಸಿ ಸರ್ಕಾರದ್ದಲ್ಲ. 1971ರಲ್ಲಿ ಪಕ್ಕದ ಅಲಬಾಮಾದ ಮಾಂಟ್ಗೊಮರಿಯಲ್ಲಿ ಇಬ್ಬರು ವಕೀಲರು ಶುರು ಮಾಡಿದ ಸಂಸ್ಥೆ. ನನಗೆ ಅವರ ನಕ್ಷೆಗಿಂತ ಕೋರ್ಟಿನ ಕೆಲಸ ಮೆಚ್ಚು. 1981ರಲ್ಲಿ ಅಲಬಾಮಾದ ಮೊಬೀಲ್ ಊರಿನಲ್ಲಿ ಕ್ಲಾನ್‌ನವರು ಮೈಕೆಲ್ ಡೊನಾಲ್ಡ್ ಎಂಬ 19 ವರ್ಷದ ಕಪ್ಪು ಹುಡುಗನನ್ನು ಕೊಂದು ಮರಕ್ಕೆ ನೇತುಹಾಕಿದರು. ಕೊಂದವರಿಗೆ ಶಿಕ್ಷೆಯಾದರೆ ಸಾಲದು ಅಂತ ಈ ವಕೀಲರು ಅವನ ತಾಯಿಯ ಪರವಾಗಿ ಇಡೀ ಸಂಘಟನೆಯ ಮೇಲೇ ಪರಿಹಾರದ ದಾವೆ ಹಾಕಿದರು. 1987ರಲ್ಲಿ ಬಿಳಿಯರೇ ಇದ್ದ ಜ್ಯೂರಿ 70 ಲಕ್ಷ ಡಾಲರ್ ಕೊಡಿ ಅಂದಿತು. ಕ್ಲಾನ್ ಬಳಿ ಅಷ್ಟು ದುಡ್ಡೆಲ್ಲಿ? ಟಸ್ಕಲೂಸಾದಲ್ಲಿದ್ದ ಅವರ ಕಟ್ಟಡ ಆ ತಾಯಿಯ ಹೆಸರಿಗೆ ಬಂತು! ಈ ನಡುವೆ, 1983ರಲ್ಲಿ, ಕ್ಲಾನ್‌ನವರು ಎಸ್‌ಪಿಎಲ್‌ಸಿ ಕಚೇರಿಗೇ ಬೆಂಕಿ ಹಾಕಿದ್ದರು. ಆದರೂ ಈ ವಕೀಲರು ಹಿಂದೆ ಸರಿಯಲಿಲ್ಲ.

ಯಾರನ್ನು ಪಟ್ಟಿಗೆ ಸೇರಿಸುತ್ತಾರೆ ಅನ್ನುವುದರಲ್ಲಿ ಮಾತ್ರ ಅವರೂ ಎಡವಿದ್ದಾರೆ. ಮುಸ್ಲಿಂ ಸುಧಾರಣೆಯ ಮಾತಾಡುವ ಬ್ರಿಟನ್ನಿನ ಮಾಜಿದ್ ನವಾಜ್ ಅವರನ್ನೇ ಮುಸ್ಲಿಂ ವಿರೋಧಿ ಅಂತ ಸೇರಿಸಿ, 2018ರಲ್ಲಿ ಕ್ಷಮೆ ಕೇಳಿ 33.75 ಲಕ್ಷ ಡಾಲರ್ ಕೊಟ್ಟರು. ಬಲಪಂಥೀಯರಿಗಂತೂ ಈ ಸಂಸ್ಥೆ ಕಂಡರೆ ಆಗುವುದೇ ಇಲ್ಲ.

ನನ್ನ ಲೆಕ್ಕದಲ್ಲಿ ಗುಂಪಿಗಿಂತ ತಲೆಕೆಟ್ಟ ಒಬ್ಬನೇ ಜಾಸ್ತಿ ಅಪಾಯ. 2017ರಲ್ಲಿ ಕ್ಯಾನ್ಸಸ್‌ನ ಒಲೇಥಾದ ಬಾರಿನಲ್ಲಿ ಹೈದರಾಬಾದಿನ ಎಂಜಿನಿಯರನ್ನು ಗುಂಡಿಟ್ಟು ಕೊಂದದ್ದು ಅಂಥವನೇ. ಯಾವ ನಕ್ಷೆ ನೋಡಿದ್ದರೂ ಅದು ಮೊದಲೇ ತಿಳಿಯುತ್ತಿರಲಿಲ್ಲ, ಅಲ್ವಾ?

ಅದಕ್ಕೆ ಯಾರಾದರೂ ‘ನಿಮ್ಮ ದೇಶಕ್ಕೆ ಹೋಗಿ’ ಅಂತ ಕೂಗಿದರೆ ವಾದಕ್ಕೆ ನಿಲ್ಲಬೇಡಿ, ಜಾಗ ಬಿಡಿ. ಬೆದರಿಸಿದರೆ, ಕೈ ಮಾಡಿದರೆ ತುರ್ತು ಸಹಾಯದ ನಂಬರ್ 911ಕ್ಕೆ ಫೋನ್ ಮಾಡಿ. ಪೊಲೀಸರು ಬಂದಾಗ ಅವನು ಆಡಿದ ಮಾತನ್ನು ಇದ್ದ ಹಾಗೇ ವರದಿಯಲ್ಲಿ ಬರೆಸಿ. ಜಾರ್ಜಿಯಾದಲ್ಲಿ 2020ರಿಂದ ದ್ವೇಷಾಪರಾಧಕ್ಕೆ ಹೆಚ್ಚುವರಿ ಶಿಕ್ಷೆಯ ಕಾನೂನು ಇದೆ. ಆ ಮಾತುಗಳು ಅಲ್ಲಿ ಸಾಕ್ಷಿಯಾಗುತ್ತವೆ.

ಅಂದಹಾಗೆ, 1915ರಲ್ಲಿ ಕ್ಲಾನ್ ಮತ್ತೆ ಹುಟ್ಟಿದ್ದು ನಮ್ಮೂರ ಪಕ್ಕದ ಸ್ಟೋನ್ ಮೌಂಟನ್ ನೆತ್ತಿಯ ಮೇಲೆ. ಈಗ ಭಾನುವಾರ ಅಲ್ಲಿ ನಮ್ಮವರೇ ಪುಳಿಯೋಗರೆ ಡಬ್ಬಿ ಹಿಡಿದು ಬೆಟ್ಟ ಹತ್ತುತ್ತಿರುತ್ತಾರೆ.

ಮಗಳ ವಯಸ್ಸು ಎಷ್ಟು ಅಂತ ನೀವು ಬರೆದಿಲ್ಲ. ತಿಳಿಸಿ. ಮನೆ ಎಲ್ಲಿ ನೋಡಬೇಕು ಅನ್ನುವುದು ಇಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ (ಯಾವ ಪ್ರದೇಶದ ಮಕ್ಕಳಿಗೆ ಯಾವ ಸರ್ಕಾರಿ ಶಾಲೆ ಅನ್ನುವ ವಿಂಗಡಣೆ) ಮೇಲೆ ನಿಂತಿರುತ್ತದೆ.