ಎತ್ತಿಕೋ ಎಂದು ಕೈಚಾಚುವ ಮಗ, ಹೊಟ್ಟೆಯಲ್ಲಿ ಇನ್ನೊಂದು

ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಶಿವಮೊಗ್ಗ ಜಿಲ್ಲೆಯ ಓದುಗರೊಬ್ಬರು ಬರೆದ ಪತ್ರದ ಸಾರ: "ಮಗನಿಗೆ ಒಂದು ವರ್ಷ ಹತ್ತು ತಿಂಗಳು. ನನಗೀಗ ಐದು ತಿಂಗಳು. ಮೊದಲನೆಯದು ಸಿಸೇರಿಯನ್. ಅವನಿನ್ನೂ ನನ್ನ ಹಾಲು ಬಿಟ್ಟಿಲ್ಲ. ಬಸುರಿಯ ಹಾಲು ಮಗುವಿಗೆ ಒಗ್ಗುವುದಿಲ್ಲ, ಬೇವು ಅರೆದು ಹಚ್ಚಿ ಬಿಡಿಸು ಎನ್ನುತ್ತಾರೆ ಅತ್ತೆ. ದಿನವಿಡೀ ಎತ್ತಿಕೋ ಅನ್ನುತ್ತಾನೆ. ಎತ್ತಿಕೊಂಡರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯೇ? ಎಂಟು ತಿಂಗಳಾಗುತ್ತಲೇ ಅವನನ್ನು ನನ್ನ ತವರಿಗೆ ಕಳಿಸಿ, ಬಾಣಂತನ ಮುಗಿದ ಮೇಲೆ ಕರೆಸಿಕೊಳ್ಳೋಣ ಎಂದು ಮನೆಯಲ್ಲಿ ಮಾತಾಗಿದೆ. ಅವನಿಗೆ ಮೋಸ ಮಾಡುತ್ತಿದ್ದೇನೆ ಅನ್ನಿಸಿ ರಾತ್ರಿ ನಿದ್ದೆ ಬರುವುದಿಲ್ಲ."

ಸಂಪಾದಕರ ಉತ್ತರ

ನಿಮಗೆ ಇನ್ನೂ ನಾಲ್ಕು ತಿಂಗಳಿಗೂ ಮಿಕ್ಕಿ ಸಮಯವಿದೆ. ಅದನ್ನು ಹೇಗೆ ಬಳಸುತ್ತೀರಿ ಎಂಬುದರ ಮೇಲೆಯೇ ಮುಂದಿನದೆಲ್ಲ ನಿಂತಿದೆ. ಮಗನ ದಿನಚರಿಯಲ್ಲಿ ಹೇಗಿದ್ದರೂ ಬದಲಾಗಬೇಕಾದವು ಕೆಲವಿವೆ: ಹಾಲು, ಮಲಗುವ ಜಾಗ, ಸೊಂಟದ ಮೇಲಿನ ಸವಾರಿ, ಸ್ನಾನ ಮಾಡಿಸುವ ಕೈ. ಇವನ್ನು ಈಗಿನಿಂದ ಒಂದೊಂದಾಗಿ, ಒಂದು ರೂಢಿಯಾದ ಮೇಲೆ ಇನ್ನೊಂದರಂತೆ ಬದಲಿಸಿ. ಪಾಪು ಮನೆಗೆ ಬಂದ ವಾರದಲ್ಲೇ ನಾಲ್ಕೂ ಒಟ್ಟಿಗೆ ಕೈತಪ್ಪಿದರೆ ಎರಡು ವರ್ಷದ ಮಗು ಹಾಕುವ ಲೆಕ್ಕ ಒಂದೇ: ಇದು ಬಂತು, ನನ್ನದೆಲ್ಲ ಹೋಯಿತು.

ಮೊದಲು ಹಾಲಿನ ಮಾತು. ಬಸುರಿಯ ಹಾಲು ಕೆಡುವುದಿಲ್ಲ. ನಾಲ್ಕೈದನೇ ತಿಂಗಳ ಹೊತ್ತಿಗೆ ಕಡಿಮೆಯಾಗುತ್ತದೆ, ರುಚಿ ತುಸು ಉಪ್ಪುಪ್ಪಾಗುತ್ತದೆ. ಕೊನೆಯ ತಿಂಗಳುಗಳಲ್ಲಿ ಅದು ಗಿಣ್ಣುಹಾಲಾಗಿ ಬದಲಾದಾಗ ದೊಡ್ಡ ಮಗುವಿಗೆ ಮಲ ಸ್ವಲ್ಪ ತೆಳುವಾಗಬಹುದು. 'ಒಗ್ಗುವುದಿಲ್ಲ' ಎಂಬ ಮಾತು ಹುಟ್ಟಿದ್ದು ಬಹುಶಃ ಇದನ್ನು ಕಂಡೇ. ಹಿರಿಯರು ಕಂಡದ್ದು ಸರಿ, ಅದು ರೋಗವಲ್ಲ ಅಷ್ಟೆ. ದೊಡ್ಡವನು ಕುಡಿದನೆಂದು ಹುಟ್ಟುವ ಮಗುವಿಗೆ ಗಿಣ್ಣುಹಾಲು ಮುಗಿದುಹೋಗುವುದೂ ಇಲ್ಲ. ತೊಡಕಿಲ್ಲದ ಬಸುರಿನಲ್ಲಿ ಹಾಲೂಡಿಸಬಹುದು. ರಕ್ತ ಕಾಣಿಸಿಕೊಂಡರೆ, ಅವಳಿಯಾಗಿದ್ದರೆ, ಮೊದಲ ಸಲ ದಿನ ತುಂಬುವ ಮುಂಚೆಯೇ ಹೆರಿಗೆಯಾಗಿದ್ದರೆ, ಇಲ್ಲವೇ ಮಗು ಕುಡಿದು ಮುಗಿಸಿದ ಮೇಲೂ ಹೊಟ್ಟೆ ಗಟ್ಟಿಯಾಗುವುದು ನಿಲ್ಲದಿದ್ದರೆ ಹಾಲೂಡಿಸುವುದನ್ನು ನಿಲ್ಲಿಸಿ ವೈದ್ಯರನ್ನು ಕಾಣಿ.

ಬಿಡಿಸಲೇಬೇಕೆಂದಿದ್ದರೆ ಬೇವು ಹಚ್ಚಬೇಡಿ. ಅವನಿಗೆ ಅತ್ಯಂತ ನಂಬಿಕೆಯ ಜಾಗವೇ ಒಂದು ದಿನ ಇದ್ದಕ್ಕಿದ್ದಂತೆ ಕಹಿಯಾದರೆ ಅವನು ಕಲಿಯುವುದು ಹೆದರಿಕೆಯನ್ನು. ಜೊತೆಗೆ ಹಾಲು ಒಮ್ಮೆಲೇ ನಿಂತರೆ ನಿಮ್ಮ ಎದೆ ಕಟ್ಟಿಕೊಂಡು ಜ್ವರ ಬರಬಹುದು. ಐದರಿಂದ ಏಳು ದಿನಕ್ಕೆ ಒಂದು ಹೊತ್ತಿನ ಹಾಲು ತಪ್ಪಿಸುತ್ತ ಬನ್ನಿ. ಮೊದಲು ಮಧ್ಯಾಹ್ನದ್ದು, ಆಗ ಆಟ, ತಿಂಡಿ, ಅಂಗಳ ಎಂದು ಗಮನ ಬೇರೆಡೆ ಹೋಗುವುದು ಸುಲಭ. ಮಲಗುವಾಗಿನದು ಕಟ್ಟಕಡೆಗೆ. ಕೇಳಿದರೆ ಗದರಬೇಡಿ, ಕೇಳದಿದ್ದರೆ ನೀವಾಗಿ ಕೊಡಬೇಡಿ. ಏಳನೇ ತಿಂಗಳೊಳಗೆ ಮುಗಿಯಿತೋ, ಒಳ್ಳೆಯದು. ಮುಗಿಯದಿದ್ದರೆ ಹೆರಿಗೆಯ ಆಸುಪಾಸಿನಲ್ಲಿ ಹಟ ಹಿಡಿದು ಬಿಡಿಸುವುದಕ್ಕಿಂತ ಮುಂದುವರಿಸುವುದೇ ವಾಸಿ. ಪಾಪು ಕುಡಿದಾದ ಮೇಲೆ ಅವನಿಗೆ. ಹಾಲು ಬಿಟ್ಟ ಮಗನಿಗೆ ಹಸುವಿನ ಹಾಲು ದಿನಕ್ಕೆ ಎರಡು ಲೋಟ, ಅಂದರೆ 400 ಮಿಲಿಲೀಟರಿನಷ್ಟು ಸಾಕು. ಲೀಟರುಗಟ್ಟಲೆ ಕುಡಿಸಿದರೆ ಊಟ ಸೇರದೆ ರಕ್ತ ಕಡಿಮೆಯಾಗುತ್ತದೆ.

ಇನ್ನು ಎತ್ತಿಕೊಳ್ಳುವುದು. ತೊಂದರೆಯಿಲ್ಲದ ಬಸುರಿನಲ್ಲಿ ಹತ್ತು ಹನ್ನೊಂದು ಕಿಲೋ ಮಗುವನ್ನು ಆಗೀಗ ಎತ್ತಿದರೆ ಹೊಟ್ಟೆಯೊಳಗಿನ ಮಗುವಿಗೆ ಪೆಟ್ಟಾಗುವುದಿಲ್ಲ. ಪೆಟ್ಟಾಗುವುದು ನಿಮ್ಮ ಸೊಂಟಕ್ಕೆ. ಬಸುರಿನಲ್ಲಿ ಕೀಲುಗಳ ಬಿಗಿ ಸಡಿಲವಾಗಿರುತ್ತದೆ, ಹೊಟ್ಟೆಯ ಭಾರ ಮುಂದಕ್ಕೆ ಎಳೆಯುತ್ತದೆ, ಅದರ ಮೇಲೆ ಒಂದೇ ಸೊಂಟದ ಮೇಲೆ ಮಗು. ಬೆನ್ನು ಬಗ್ಗಿಸಿ ಎತ್ತಬೇಡಿ. ಒಂದು ಕಾಲು ಮುಂದಿಟ್ಟು, ಮಂಡಿ ಬಗ್ಗಿಸಿ ಕೆಳಗಿಳಿದು, ಅವನನ್ನು ಎದೆಗೆ ಒತ್ತಿಕೊಂಡು, ಉಸಿರು ಬಿಡುತ್ತ ಕಾಲಿನ ಬಲದಲ್ಲಿ ಏಳಿ. ಏಳುವಾಗ ಸೊಂಟ ತಿರುಗಿಸಬೇಡಿ. ಮೆಟ್ಟಿಲ ಮೇಲೆ, ಬಚ್ಚಲಲ್ಲಿ ಎತ್ತಿಕೊಂಡು ಓಡಾಡುವುದು ಈಗಿನಿಂದಲೇ ಬೇಡ. ಬೀಳುವ ಅಪಾಯವೇ ಅಲ್ಲಿ ದೊಡ್ಡದು.

ನಿಮ್ಮ ವಿಷಯದಲ್ಲಿ ಇನ್ನೊಂದಿದೆ. ಈ ಸಲವೂ ಆಪರೇಷನ್ ಆದರೆ ಸುಮಾರು ಆರು ವಾರ ಹಸುಗೂಸಿಗಿಂತ ಭಾರವಾದ ಏನನ್ನೂ ನೀವು ಎತ್ತುವಂತಿಲ್ಲ. ಆದ್ದರಿಂದ ಅವನಿಗೆ ಬೇರೆ ದಾರಿ ಈಗಲೇ ತೋರಿಸಬೇಕು. ಅವನು ಕೈ ಮೇಲೆತ್ತಿದ ಕೂಡಲೇ ಇದ್ದಲ್ಲೇ ಕೆಳಗೆ ಕೂತುಬಿಡಿ, ತೊಡೆಯ ಮೇಲೆ ಕರೆದುಕೊಳ್ಳಿ. ಅವನಿಗೆ ಬೇಕಾದದ್ದು ಎತ್ತರಕ್ಕಿಂತ ನಿಮ್ಮ ಮೈಯ ಬಿಸಿ. ಮಂಚಕ್ಕೆ ತಾನೇ ಹತ್ತಲು ಅಲ್ಲಾಡದ ಒಂದು ಗಟ್ಟಿ ಸ್ಟೂಲು ಹಾಕಿ. ಮತ್ತೆ ಒಂದು ಎಚ್ಚರ: "ಹೊಟ್ಟೇಲಿ ಪಾಪು ಇದೆ, ಎತ್ಕೊಳೋಕಾಗಲ್ಲ" ಎನ್ನಬೇಡಿ, "ಅಮ್ಮನ ಸೊಂಟ ನೋಯ್ತಿದೆ, ಬಾ ತೊಡೆ ಮೇಲೆ" ಎನ್ನಿ. ಹುಟ್ಟದ ಮಗುವಿನ ಮೇಲೆ ಈಗಲೇ ದೂರು ಕಟ್ಟುವುದು ಬೇಡ. ನೆಂಟರು ತಮಾಷೆಗೆ "ಇನ್ನು ನಿಮ್ಮಮ್ಮ ನಿನ್ನ ಎತ್ಕೊಳಲ್ಲ ಕಣೋ, ಪಾಪು ಬರುತ್ತೆ" ಎನ್ನುತ್ತಾರಲ್ಲ, ಅದನ್ನು ಅಲ್ಲೇ ತಡೆಯಿರಿ. ಆ ವಯಸ್ಸಿಗೆ ತಮಾಷೆ ತಿಳಿಯುವುದಿಲ್ಲ.

ನೀವು ಕೇಳದ ಎರಡು ಸಂಗತಿ ಹೇಳಲೇಬೇಕು. ಆರೋಗ್ಯ ಕೇಂದ್ರದಲ್ಲಿ ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಗೆ ಕೆಂಪು ಸಕ್ಕರೆ ಲೇಪನವಿರುತ್ತದೆ, ಮಗುವಿನ ಕಣ್ಣಿಗೆ ಪೆಪ್ಪರಮಿಂಟು. ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣವಿದೆ. ಹನ್ನೊಂದು ಕಿಲೋ ತೂಕದ ಮಗು ನಾಲ್ಕು ನುಂಗಿದರೆ ವಾಂತಿ, ಹೊಟ್ಟೆನೋವು ಶುರುವಾಗಬಹುದು. ಹತ್ತು ಹನ್ನೆರಡು ಪ್ರಾಣಕ್ಕೇ ಕುತ್ತು. ನುಂಗಿದ ಕೆಲವು ಗಂಟೆಗಳ ಮೇಲೆ ವಾಂತಿ ನಿಂತು ಮಗು ಗೆಲುವಾದಂತೆ ಕಾಣುವುದುಂಟು. ಅದನ್ನು ನಂಬಿ ಮನೆಯಲ್ಲೇ ಉಳಿಯಬಾರದು, ಖಾಲಿಯಾದ ಪಟ್ಟಿ ಹಿಡಿದು ನೇರ ಆಸ್ಪತ್ರೆಗೆ ಹೋಗಬೇಕು. ಮರೆಯದಿರಲೆಂದು ಊಟದ ಮೇಜಿನ ಮೇಲೆ, ತಲೆದಿಂಬಿನ ಪಕ್ಕ ಮಾತ್ರೆ ಇಡುವ ಅಭ್ಯಾಸವಿದ್ದರೆ ಇಂದೇ ಬೀಗವಿರುವ ಕಪಾಟಿಗೆ ಸೇರಿಸಿ, ನೆನಪಿಗೆ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಅಂದಹಾಗೆ ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಾ, ಹಾಲು, ಕ್ಯಾಲ್ಸಿಯಂ ಮಾತ್ರೆಗಳ ಜೊತೆ ತೆಗೆದುಕೊಳ್ಳಬೇಡಿ, ಎರಡು ಗಂಟೆ ಅಂತರವಿರಲಿ. ನಿಂಬೆ ಪಾನಕದೊಂದಿಗೆ ಮೈಗೆ ಚೆನ್ನಾಗಿ ಹತ್ತುತ್ತದೆ.

ಎರಡನೆಯದು ಎಂಜಲು. ಮಗು ತಟ್ಟೆಯಲ್ಲಿ ಬಿಟ್ಟ ಅನ್ನ ತಾಯಿಯ ಹೊಟ್ಟೆಗೇ ಹೋಗುವುದು ನಮ್ಮ ಮನೆಗಳ ರೂಢಿ. ಈ ಒಂಬತ್ತು ತಿಂಗಳು ಅದನ್ನು ಬಿಡಿ. ಸಿಎಂವಿ ಎಂಬ ವೈರಸ್ ಪುಟ್ಟ ಮಕ್ಕಳ ಜೊಲ್ಲು, ಮೂತ್ರದಲ್ಲಿ ಯಾವ ಲಕ್ಷಣವೂ ಇಲ್ಲದೆ ತಿಂಗಳುಗಟ್ಟಲೆ ಇರಬಲ್ಲದು. ತಾಯಿಗೆ ತಗುಲಿದರೆ ಬಹುಪಾಲು ಗೊತ್ತೇ ಆಗುವುದಿಲ್ಲ, ಆದರೆ ಗರ್ಭದ ಮಗುವಿನ ಕಿವಿ ಕೇಳಿಸದಂತೆ ಮಾಡಬಲ್ಲದು. ಅವನ ಚಮಚ, ಲೋಟ ಬೇರೆ ಇರಲಿ. ಮುತ್ತು ತುಟಿಗೆ ಬೇಡ, ನೆತ್ತಿಗೆ ಕೊಡಿ. ಒದ್ದೆ ಚಡ್ಡಿ ಬದಲಿಸಿದ ಮೇಲೆ, ಮೂಗು ಒರೆಸಿದ ಮೇಲೆ ಸೋಪು ಹಾಕಿ ಇಪ್ಪತ್ತು ಸೆಕೆಂಡು ಕೈ ತೊಳೆಯಿರಿ. ಹಾಗೆಯೇ ಅವನ 16ರಿಂದ 24 ತಿಂಗಳ ಲಸಿಕೆಗಳು, ಅಂದರೆ ದಡಾರ-ರುಬೆಲ್ಲಾ ಎರಡನೆಯ ಡೋಸು, ಡಿಪಿಟಿ ಮತ್ತು ಪೋಲಿಯೊ ಬೂಸ್ಟರು, ಆಗಿವೆಯೇ ಎಂದು ಕಾರ್ಡು ತೆಗೆದು ನೋಡಿ. ಡಿಪಿಟಿ ತಡೆಯುವ ನಾಯಿಕೆಮ್ಮನ್ನು ಹಸುಗೂಸಿಗೆ ಹೊತ್ತು ತರುವವರಲ್ಲಿ ಅಣ್ಣ ಅಕ್ಕಂದಿರೂ ಇರುತ್ತಾರೆ.

ಎರಡನೆಯ ಬಸುರಿನಲ್ಲಿ ತಾಯಿ ತನ್ನನ್ನು ತಾನು ಮರೆಯುವುದೇ ಹೆಚ್ಚು. ಮಗನ ಹಿಂದೆ ಓಡುವಾಗ ಹೊಟ್ಟೆಯ ಮಗು ಒದ್ದದ್ದು ಅರಿವಿಗೆ ಬರುವುದಿಲ್ಲ. ಏಳನೇ ತಿಂಗಳಿಂದ ರಾತ್ರಿ ಊಟದ ಮೇಲೆ ಎಡಮಗ್ಗುಲಾಗಿ ಮಲಗಿ ಎಣಿಸಿ. ಎರಡು ಗಂಟೆಯಲ್ಲಿ ಹತ್ತು ಸಲ ಮಿಸುಕಾಡದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಎರಡನೆಯ ಬಸುರಿನಲ್ಲೇ ಅದರ ತೊಡಕು ಹೆಚ್ಚು. 28ನೇ ವಾರದ ಆಂಟಿ-ಡಿ ಇಂಜೆಕ್ಷನ್ ಬಗ್ಗೆ ಈಗಲೇ ಕೇಳಿ. ಉದ್ಯೋಗದಲ್ಲಿದ್ದರೆ, 26 ವಾರದ ಹೆರಿಗೆ ರಜೆ ಎರಡನೆಯ ಮಗುವಿಗೂ ಇದೆ. ಮಾತೃವಂದನಾ ಯೋಜನೆಯಲ್ಲಿ ಎರಡನೆಯದು ಹೆಣ್ಣಾದರೆ ಅರ್ಹರಿಗೆ 6,000 ರೂಪಾಯಿ ಸಿಗುತ್ತದೆ, ಅಂಗನವಾಡಿಯಲ್ಲಿ ವಿಚಾರಿಸಿ.

ಈಗ ತವರಿಗೆ ಕಳಿಸುವ ವಿಚಾರ. ದಯವಿಟ್ಟು ಕಳಿಸಬೇಡಿ. ಎಂಟನೇ ತಿಂಗಳಿಂದ ಬಾಣಂತನ ಮುಗಿಯುವವರೆಗೆಂದರೆ ಕಡಿಮೆಯೆಂದರೂ ಮೂರು ತಿಂಗಳು. ಎರಡು ವರ್ಷದ ಮಗುವಿಗೆ 'ಮೂರು ತಿಂಗಳು' ಎಂಬ ಅಳತೆಯೇ ಇಲ್ಲ, ಇರುವುದು 'ಅಮ್ಮ ಇದ್ದಾಳೆ', 'ಅಮ್ಮ ಇಲ್ಲ' ಎಂಬ ಎರಡೇ. ತಿರುಗಿ ಬಂದಾಗ ಅವನ ಜಾಗದಲ್ಲಿ ಇನ್ನೊಬ್ಬರು ಮಲಗಿರುತ್ತಾರೆ. ಅಜ್ಜಿಯೇ ನಿಮ್ಮಲ್ಲಿಗೆ ಬರಲಿ; ಹೆರಿಗೆಗೆ ಎರಡು ವಾರ ಮುಂಚೆಯೇ ಬಂದರೆ ಅವನಿಗೆ ರೂಢಿಯಾಗುತ್ತದೆ. ಅದು ಆಗದಿದ್ದರೆ ನೀವಿಬ್ಬರೂ ಒಟ್ಟಿಗೆ ತಿಂಗಳು ಮುಂಚೆ ತವರಿಗೆ ಹೋಗಿ, ಆ ಮನೆ ಅವನದೂ ಆಗಲಿ. ಅಗಲಿಕೆ ಆಸ್ಪತ್ರೆಯ ನಾಲ್ಕೈದು ದಿನಕ್ಕೆ ಮುಗಿಯಬೇಕು.

ಅಜ್ಜಿಗಿಂತ ಮುಖ್ಯ ಅಪ್ಪ. ನಿಮ್ಮ ಪತ್ರದಲ್ಲಿ ಅವರ ಸುದ್ದಿಯೇ ಇಲ್ಲ. ಮೊದಲು ಸ್ನಾನ ಅವರ ಕೈಗೆ ಹೋಗಲಿ, ನೀರಾಟವಿರುವುದರಿಂದ ಮಗು ಬೇಗ ಒಪ್ಪುತ್ತದೆ. ಎರಡು ವಾರ ಬಿಟ್ಟು ರಾತ್ರಿಯ ಊಟ. ಮಲಗಿಸುವುದು ಕೊನೆಗೆ, ಅದೇ ಕಷ್ಟದ್ದು. ಮೊದಲ ಕೆಲವು ರಾತ್ರಿ ಅಮ್ಮ ಬೇಕೆಂದು ಅಳುತ್ತಾನೆ. ಅಪ್ಪ ಜೊತೆಗೇ ಇದ್ದು ತಟ್ಟುತ್ತಿರಲಿ. ಕೆಡುವುದು ಎಲ್ಲಿಯೆಂದರೆ, ಮೂರನೆಯ ರಾತ್ರಿ ನೀವು ತಾಳಲಾರದೆ ಒಳಗೆ ಹೋಗಿ ಎತ್ತಿಕೊಳ್ಳುತ್ತೀರಿ. ಸಾಕಷ್ಟು ಅತ್ತರೆ ಅಮ್ಮ ಬರುತ್ತಾಳೆ ಎಂದು ಅವನಿಗೆ ಅಂದೇ ತಿಳಿಯುತ್ತದೆ. ಆ ಹೊತ್ತಿಗೆ ನೀವು ಪಕ್ಕದ ಮನೆಗೆ ಹೋಗಿ ಕೂರುವುದೇ ಒಳ್ಳೆಯದು.

ಪಾಪುವಿನ ವಿಷಯ ಏಳನೇ ತಿಂಗಳಲ್ಲಿ, ಹೊಟ್ಟೆ ಕಣ್ಣಿಗೆ ಕಾಣುವಾಗ ಹೇಳಿ. ಆಟಕ್ಕೆ ಜೊತೆ ಸಿಗುತ್ತದೆ ಎನ್ನಬೇಡಿ. ಹಸುಗೂಸು ಆಡುವುದಿಲ್ಲ, ಅವನು ನಿರಾಶನಾಗುತ್ತಾನೆ. ಪಾಪು ಅಳುತ್ತೆ, ನಿದ್ದೆ ಮಾಡುತ್ತೆ, ಅಮ್ಮನ ಹಾಲು ಕುಡಿಯುತ್ತೆ, ಇಷ್ಟೇ ಹೇಳಿ. ಚಡ್ಡಿ ಬಿಡಿಸಿ ಬಚ್ಚಲಿಗೆ ಹೋಗುವ ಅಭ್ಯಾಸವನ್ನು ಹೆರಿಗೆಗೆ ಎರಡು ತಿಂಗಳು ಮುಂಚೆ ಮತ್ತು ಎರಡು ತಿಂಗಳು ಆದ ಮೇಲೆ ಹೊಸದಾಗಿ ಶುರುಮಾಡಬೇಡಿ. ಕಲಿತದ್ದೂ ಆ ದಿನಗಳಲ್ಲಿ ಮರೆತುಹೋಗುತ್ತದೆ, ಬೈಯಬೇಡಿ.

ಎರಡನೆಯ ಹೆರಿಗೆಯ ನೋವು ಬೇಗ ಏರುತ್ತದೆ. ನಿಮಗೆ ಮೊದಲನೆಯದು ಆಪರೇಷನ್ ಆದ್ದರಿಂದ ಮನೆಯಲ್ಲಿ ಕಾಯುವ ಮಾತೇ ಇಲ್ಲ. ನೋವು ಶುರುವಾದ ಕೂಡಲೇ ಆಪರೇಷನ್ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಿ. ಎರಡು ಹೆರಿಗೆಗಳ ನಡುವೆ ನಿಮಗೆ ಸುಮಾರು 26 ತಿಂಗಳ ಅಂತರ ಬರುತ್ತದೆ. 18 ತಿಂಗಳಿಗಿಂತ ಕಡಿಮೆಯಿದ್ದಾಗ ಹಳೆಯ ಹೊಲಿಗೆ ಬಿಟ್ಟುಕೊಳ್ಳುವ ಭಯ ಹೆಚ್ಚು, ಆ ಮಟ್ಟಿಗೆ ನಿಮ್ಮದು ವಾಸಿ. ಸಹಜ ಹೆರಿಗೆಗೆ ಪ್ರಯತ್ನಿಸಬಹುದೇ ಎಂದು ವೈದ್ಯರನ್ನು ಕೇಳುವಾಗ ಹಿಂದಿನ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಕೈಯಲ್ಲಿರಲಿ, ಗರ್ಭಕೋಶವನ್ನು ಹೇಗೆ ಕೊಯ್ದಿದ್ದರು ಎಂಬುದು ಅದರಲ್ಲೇ ಇರುವುದು. 36ನೇ ವಾರಕ್ಕೆ ಎರಡು ಚೀಲ ಸಿದ್ಧವಾಗಲಿ. ನಿಮ್ಮದರಲ್ಲಿ ತಾಯಿ ಕಾರ್ಡು, ಆ ಚೀಟಿ, ರಕ್ತದ ಗುಂಪಿನ ವರದಿ. ಮಗನದರಲ್ಲಿ ಐದು ದಿನದ ಬಟ್ಟೆ, ಅವನ ಲೋಟ, ಹೊದಿಕೆ. ನಡುರಾತ್ರಿ ಕರೆದರೆ ಬಂದು ಅವನ ಪಕ್ಕ ಮಲಗುವ ಇಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಿ, ಒಬ್ಬರನ್ನೇ ನೆಚ್ಚಬೇಡಿ. 108 ಎಲ್ಲರಿಗೂ ಗೊತ್ತು.

ಬಾಣಂತಿ ಕೋಣೆಗೆ ದೊಡ್ಡ ಮಗುವನ್ನು ಬಿಡಬಾರದೆಂಬ ಕಟ್ಟು ಕೆಲವು ಮನೆಗಳಲ್ಲಿದೆ. ಜ್ವರ, ಕೆಮ್ಮು, ಮೈಮೇಲೆ ಗುಳ್ಳೆ ಇದ್ದ ದಿನ ಮಾತ್ರ ಪಾಪುವಿನಿಂದ ದೂರವಿಡಿ, ಉಳಿದ ದಿನ ಕೈ ತೊಳೆಸಿ ಒಳಗೆ ಬಿಡಿ. ಬಿಡಬಾರದ್ದು ಮಂಚದಡಿಯ ಕೆಂಡದ ಅಗ್ಗಿಷ್ಟಿಕೆಯನ್ನು. ಮುಚ್ಚಿದ ಕೋಣೆಯಲ್ಲಿ ಅದರ ಗಾಳಿಯೇ ವಿಷ, ನಡೆದಾಡುವ ಮಗುವಿಗೆ ಸುಟ್ಟಗಾಯ. ಎರೆಯುವ ನೀರು ತೋಡುವಾಗ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಬಚ್ಚಲ ಬಾಗಿಲಿಗೆ ಮೇಲುಗಡೆ ಚಿಲಕವಿರಲಿ. ಪಾಪುವನ್ನೂ ಅವನನ್ನೂ ಅರೆ ನಿಮಿಷವೂ ಇಬ್ಬರನ್ನೇ ಬಿಟ್ಟು ಹೋಗಬೇಡಿ. ಪ್ರೀತಿಯಿಂದಲೇ ಬಾಯಿಗೆ ಶೇಂಗಾ ಹಾಕುತ್ತಾನೆ, ಮುಖದ ಮೇಲೆ ಹೊದಿಕೆ ಎಳೆಯುತ್ತಾನೆ. ರಾತ್ರಿ ಇಬ್ಬರನ್ನೂ ಪಕ್ಕಪಕ್ಕ ಮಲಗಿಸಬೇಡಿ.

ಹಸುಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ. ದೊಡ್ಡವನ ರಂಪಾಟವೆಲ್ಲ ಆಗಲೇ, ಏಕೆಂದರೆ ನಿಮ್ಮ ಎರಡೂ ಕೈ ಕಟ್ಟಿಹೋಗಿರುವುದು ಅವನಿಗೆ ಗೊತ್ತು. ಆ ಹೊತ್ತಿಗೆ ಮಾತ್ರ ಹೊರಬರುವ ಒಂದು ಬುಟ್ಟಿ ಮಾಡಿಡಿ: ಮುಚ್ಚಳ ತಿರುಗಿಸುವ ಡಬ್ಬಿಗಳು, ಚಿತ್ರದ ಪುಸ್ತಕ, ಬಟ್ಟೆಯ ಗೊಂಬೆ. ಮೂರು ದಿನಕ್ಕೊಮ್ಮೆ ಒಳಗಿನದನ್ನು ಬದಲಿಸಿ. ಹಾಲು ಬಿಟ್ಟವನು ಮತ್ತೆ ಕೇಳಬಹುದು. ಒಮ್ಮೆ ರುಚಿ ನೋಡಲಿ, ಹೀರುವುದು ಮರೆತಿರುತ್ತದೆ, ನಕ್ಕು ಓಡುತ್ತಾನೆ.

ಆಸ್ಪತ್ರೆಗೆ ಅವನು ಮೊದಲ ಸಲ ಬಂದಾಗ ಪಾಪು ತೊಟ್ಟಿಲಲ್ಲಿ ಇಲ್ಲವೇ ಅಜ್ಜಿಯ ತೊಡೆಯಲ್ಲಿರಲಿ, ನಿಮ್ಮ ಕೈ ಖಾಲಿಯಿರಲಿ. ಆದರೂ ಅವನು ಮುಖ ತಿರುಗಿಸಬಹುದು, ಅಪ್ಪನ ಹೆಗಲಿಗೆ ಅಂಟಿಕೊಂಡು ನಿಮ್ಮ ಹತ್ತಿರ ಬರಲಾರೆ ಎನ್ನಬಹುದು. ಎದೆ ಒಡೆದಂತಾಗುತ್ತದೆ, ಆದರೆ ಅದು ಒಂದೆರಡು ದಿನದ ಮುನಿಸು. ನಿಮ್ಮನ್ನು ಅಷ್ಟು ಹುಡುಕಿದ್ದಕ್ಕೇ ಅಷ್ಟು ಸಿಟ್ಟು. ಕರೆಯಬೇಡಿ, ಪಾಪುವಿಗೆ ಮುತ್ತು ಕೊಡು ಎಂದು ಒತ್ತಾಯಿಸಬೇಡಿ. ಅವನ ಲೋಟದಲ್ಲಿ ಹಾಲು ತರಿಸಿ ಮಂಚದ ಪಕ್ಕ ಇಡಿ, ಬೇರೆಯವರೊಡನೆ ಮಾತಾಡುತ್ತ ಒಂದು ಕೈಯನ್ನು ಅವನಿಗೆ ಎಟಕುವಂತೆ ಚಾಚಿ ಬಿಡಿ.