ನೂರಕ್ಕೆ ಎಪ್ಪತ್ತು ಕೊಟ್ಟಾಯ್ತು, ಮನೆ ಅರ್ಧಕ್ಕೇ ನಿಂತಿದೆ

ಹಳೇ ಮನೆ ಹೊಸದು ಮಾಡಿಸುವವರಿಂದ ನನಗೆ ಬರುವ ಪತ್ರಗಳಲ್ಲಿ ಟೈಲ್ಸ್, ಬಣ್ಣದ ಪ್ರಶ್ನೆ ಕಡಿಮೆ. ದುಡ್ಡು ಹೋಗಿದೆ, ಕೆಲಸ ನಿಂತಿದೆ, ಏನು ಮಾಡಲಿ ಅನ್ನುವುದೇ ಜಾಸ್ತಿ. ವರ್ಷಗಟ್ಟಲೆ ಕೂಡಿಟ್ಟ ಹಣ ಹೀಗೆ ಕೈಬಿಟ್ಟು ಹೋಗುವುದನ್ನು ನೋಡಿ ನೋಡಿ ನನಗೆ ಬೇಜಾರಾಗಿದೆ, ಸಿಟ್ಟೂ ಬಂದಿದೆ. ಅದಕ್ಕೇ ಈ ಸಲ ಒಂದೇ ಪತ್ರಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ. ಮೂರು ಕಡೆ ಕೊಟೇಶನ್ ತಗೊಳ್ಳಿ, ಅವರ ಹಳೇ ಕೆಲಸ ನೋಡಿ ಬನ್ನಿ ಎಂಬ ಮಾತೆಲ್ಲ ಇಲ್ಲಿ ಇರುವುದಿಲ್ಲ. ಅದು ನಿಮಗೆ ಗೊತ್ತೇ ಇದೆ.

ಪ್ರಶ್ನೆ: ಅಡುಗೆಮನೆ, ಎರಡು ಬಾತ್‌ರೂಮ್, ಹಾಲ್ ಪೂರ್ತಿ ಹೊಸದು ಮಾಡಿಸುತ್ತಿದ್ದೇವೆ. ಒಪ್ಪಿದ ಮೊತ್ತದಲ್ಲಿ ನೂರಕ್ಕೆ 70 ಭಾಗ ಕೊಟ್ಟಾಗಿದೆ. ಒಡೆಯುವ ಕೆಲಸ, ಪೈಪ್, ಪ್ಲಾಸ್ಟರಿಂಗ್ ಮುಗಿದಿದೆ. ಈಗ ಕಾಂಟ್ರಾಕ್ಟರ್ ವಾರಕ್ಕೆ ಒಂದು ದಿನ ಮುಖ ತೋರಿಸುತ್ತಾರೆ. ಇನ್ನು 15 ಭಾಗ ಕೊಟ್ಟರೆ ಸಾಮಾನು ತಂದು ಹತ್ತೇ ದಿನದಲ್ಲಿ ಮುಗಿಸುತ್ತೇನೆ ಅನ್ನುತ್ತಾರೆ. ಕೊಡುವುದಾ? ಇಲ್ಲ, ಬೇರೆಯವರನ್ನು ಹಿಡಿಯುವುದಾ?

ಕೊಡಬೇಡಿ. ಹಾಗಂತ ಇವತ್ತೇ ಜಗಳ ಆಡಿ ಅವರನ್ನು ಓಡಿಸಲೂ ಬೇಡಿ. ಮೊದಲು ಒಂದು ಲೆಕ್ಕ ಹಾಕಿ.

ನಿಮ್ಮಂತೆ ಬರೆಯುವವರೆಲ್ಲ ಒಂದೇ ಕಡೆ ಎಡವುತ್ತಾರೆ. ಎಷ್ಟು ಕೆಲಸ ಮುಗಿದಿದೆ ಅಂತ ನೋಡುತ್ತಾರೆ. ಅದನ್ನು ಬಿಡಿ. ಉಳಿದಿದ್ದನ್ನು ಮುಗಿಸಲು ಎಷ್ಟು ಬೇಕು ಅಂತ ನೋಡಿ. ಇವೆರಡೂ ಬೇರೆ ಬೇರೆ. ಗೋಡೆ ಒಡೆದು ಮಣ್ಣು ಸಾಗಿಸಿದ ದಿನ ಮನೆಯ ರೂಪವೇ ಬದಲಾದ ಹಾಗೆ ಕಾಣುತ್ತದೆ, ಆದರೆ ಅದಕ್ಕೆ ತಗಲುವ ಖರ್ಚು ಸಣ್ಣದು. ಟೈಲ್ಸ್, ಬಾಗಿಲು, ಕಪಾಟು, ನಲ್ಲಿ, ಸಿಂಕ್, ಸ್ವಿಚ್ಚು, ಬಣ್ಣ, ಇವು ಕೊನೆಗೆ ಬರುತ್ತವೆ. ದುಡ್ಡು ನುಂಗುವುದು ಇವೇ. ನಿಮ್ಮ ಪತ್ರ ನೋಡಿದರೆ ಇದರಲ್ಲಿ ಒಂದೂ ಇನ್ನೂ ಮನೆಗೆ ಬಂದಿಲ್ಲ.

ಹಾಗಾಗಿ ಕೆಲಸ ಗೊತ್ತಿರುವ ಬೇರೊಬ್ಬರನ್ನು ಕರೆಸಿ. ಕೋಣೆಯಿಂದ ಕೋಣೆಗೆ ಕರೆದುಕೊಂಡು ಹೋಗಿ, ಇದನ್ನು ಮುಗಿಸಲು ಎಷ್ಟಾಗುತ್ತದೆ ಅಂತ ಬರೆಸಿಕೊಳ್ಳಿ. ಅವರ ಹೊತ್ತಿಗೆ ಏನಾದರೂ ಕೊಡಿ, ಪುಕ್ಕಟೆ ಬೇಡ. ಪುಕ್ಕಟೆ ಬಂದವರು ಕೆಲಸ ಹಿಡಿಯುವ ಆಸೆಗೆ ಬಾಯಿಗೆ ಬಂದ ಅಂಕಿ ಹೇಳುತ್ತಾರೆ. ಒಬ್ಬರು ಬಿಟ್ಟ ಕೆಲಸ ಮುಗಿಸಲು ಇನ್ನೊಬ್ಬರು ಸ್ವಲ್ಪ ಜಾಸ್ತಿಯೇ ಕೇಳುತ್ತಾರೆ. ಅದು ನ್ಯಾಯ ಕೂಡ, ಮೊದಲಿನವರ ತಪ್ಪುಗಳ ಹೊಣೆ ಅವರ ತಲೆಗೆ ಬರುತ್ತದೆ ಅಲ್ವಾ?

ಅವರು 55 ಭಾಗ ಬೇಕು ಅಂದರು ಅಂತಿಟ್ಟುಕೊಳ್ಳಿ. ನಿಮ್ಮ ಕೈಯಲ್ಲಿ ಉಳಿದಿರುವುದು 30. ಕೊರತೆ 25. ಇವತ್ತು ಆ 15 ಕೊಟ್ಟು, ಅದೂ ಹೀಗೇ ಕರಗಿದರೆ ಕೊರತೆ 40ಕ್ಕೆ ಏರುತ್ತದೆ. ಈಗ ಇದನ್ನೇ ಕಾಂಟ್ರಾಕ್ಟರ್ ಕಡೆಯಿಂದ ನೋಡಿ. ಉಳಿದ ಕೆಲಸ ಮುಗಿಸಲು ಅವರಿಗೂ ಒಂದು 45 ಭಾಗ ಖರ್ಚಾಗುತ್ತದೆ, ನಿಮ್ಮಿಂದ ಬರುವುದು 30. ನಿಮ್ಮ ಮನೆಗೆ ಬಂದ ಪ್ರತಿ ದಿನವೂ ಅವರಿಗೆ ನಷ್ಟ. ಇನ್ನೊಂದು ಕಡೆ ಹೊಸ ಕೆಲಸದ ಅಡ್ವಾನ್ಸ್ ಕಾಯುತ್ತಿರುತ್ತದೆ. ಅವರು ಎಲ್ಲಿಗೆ ಹೋಗುತ್ತಾರೆ ಹೇಳಿ.

ಹಾಗಾದರೆ ನೀವು ಕೊಟ್ಟ 70 ಎಲ್ಲಿ ಹೋಯಿತು? ಹೆಚ್ಚಿನ ಸಲ ಅದು ಮೋಸ ಮಾಡಿ ಜೇಬಿಗಿಳಿಸಿದ ದುಡ್ಡಲ್ಲ. ನಿಮ್ಮ ಅಡ್ವಾನ್ಸ್‌ನಲ್ಲಿ ನಿಮಗಿಂತ ಮೊದಲಿನವರ ಮನೆ ಮುಗಿದಿರುತ್ತದೆ. ನಿಮ್ಮ ಮನೆ ಮುಗಿಯಬೇಕಾದರೆ ನಿಮ್ಮ ನಂತರದವರು ಅಡ್ವಾನ್ಸ್ ಕೊಡಬೇಕು. ಈ ಸರಪಳಿ ಎಲ್ಲೋ ಒಂದು ಕಡೆ ತುಂಡಾಗುತ್ತದೆ, ಆಗ ಸಿಕ್ಕಿಕೊಂಡವರು ನೀವು. ನೀವು ಈಗ ಕೊಡುವ 15 ಭಾಗವೂ ನಿಮ್ಮ ಮನೆಗೆ ಬರುತ್ತದೆ ಅನ್ನುವ ಭರವಸೆ ಇಲ್ಲ. ನಾನು ಬೇಡ ಅನ್ನುವುದು ಅದಕ್ಕೇ.

ಇನ್ನು ಮಾಡಬೇಕಾದ್ದು. ಸಾಮಾನಿಗೆ ದುಡ್ಡು ಬೇಕು ಅಂದರೆ ಸಾಮಾನನ್ನೇ ತರಿಸಿ. ಅಂಗಡಿಗೆ ನೀವೇ ನೇರವಾಗಿ ಕೊಡಿ, ಬಿಲ್ ನಿಮ್ಮ ಹೆಸರಲ್ಲಿ ಇರಲಿ, ಸಾಮಾನು ನಿಮ್ಮ ಮನೆಯಲ್ಲಿ ಇಳಿಯಲಿ, ಅದನ್ನು ಕಾಂಟ್ರಾಕ್ಟರ್ ಲೆಕ್ಕದಲ್ಲಿ ಕಳೆಯಿರಿ. ನಿಜವಾಗಿಯೂ ಸಾಮಾನಿಗೇ ದುಡ್ಡು ಬೇಕಿದ್ದವರು ಇದಕ್ಕೆ ಒಪ್ಪುತ್ತಾರೆ. ರೇಗಿದರೆ, ಆ ದುಡ್ಡು ಯಾವುದಕ್ಕೆ ಬೇಕಿತ್ತು ಅಂತ ನಿಮಗೆ ತಿಳಿಯಿತು.

ಫೋನ್ ಮಾಡುವುದನ್ನು ನಿಲ್ಲಿಸಿ. ಬರೆದು ಕಳಿಸಿ. ಏನೇನು ಉಳಿದಿದೆ, ಯಾವುದು ಯಾವ ತಾರೀಖಿಗೆ ಮುಗಿಯಬೇಕು, ಮುಗಿದಾಗ ಎಷ್ಟು ಕೊಡುತ್ತೀರಿ, ಇಷ್ಟು ಸಾಕು. ಬೈಗುಳ ಬೇಡ, ಹಳೇ ಕಥೆ ಬೇಡ. ದೊಡ್ಡ ಗುರಿ ಇಡಬೇಡಿ. ಒಂದು ಬಾತ್‌ರೂಮ್ ಪೂರ್ತಿ ಮುಗಿಸಿ, ನಲ್ಲಿ ತಿರುಗಿಸಿದರೆ ನೀರು ಬರಬೇಕು, ಆಗ ಇಷ್ಟು, ಅನ್ನಿ. ಎಂಟು ಹತ್ತು ದಿನ ಸಮಯ ಕೊಡಿ. ಬಂದು ಮಾಡಿದರೆ ಒಳ್ಳೆಯದು, ಹೀಗೇ ತುಂಡು ತುಂಡಾಗಿ ಮನೆ ಮುಗಿಸಿಕೊಳ್ಳಬಹುದು. ಹಾಗೆ ಮುಗಿಸಿದ ಮನೆಗಳನ್ನು ನೋಡಿದ್ದೇನೆ. ಬರದಿದ್ದರೆ ನಿಮ್ಮ ಜೊತೆಗಿನ ಒಪ್ಪಂದ ಕೊನೆಗೊಳಿಸಿದ್ದೇನೆ ಅಂತ ಮತ್ತೆ ಬರೆದು ಕಳಿಸಿ. ಮೊತ್ತ ದೊಡ್ಡದಾಗಿದ್ದರೆ ಆ ಪತ್ರ ಕಳಿಸುವ ಮೊದಲು ವಕೀಲರಿಗೆ ತೋರಿಸಿ. ಬರವಣಿಗೆಯಲ್ಲಿ ಏನೂ ಇಲ್ಲದೆ ಹೊಸಬರನ್ನು ಒಳಗೆ ಬಿಟ್ಟರೆ ನಾಳೆ, ನಾನು ಮಾಡಿದ್ದನ್ನು ಅವರು ಕೆಡಿಸಿದರು ಎಂಬ ಮಾತು ಬರುತ್ತದೆ.

ಹೊಸಬರು ಕೈ ಹಾಕುವ ಮೊದಲು ಪ್ರತಿ ಗೋಡೆಯ ಫೋಟೋ ತೆಗೆಯಿರಿ. ಪೈಪ್, ವೈರ್ ಇನ್ನೂ ಕಾಣುವ ಕಡೆ ಅವು ಎಲ್ಲೆಲ್ಲಿ ಹೋಗಿವೆ ಅಂತ ತಿಳಿಯುವ ಹಾಗೆ ಅಳತೆ ಟೇಪ್ ಹಿಡಿದು ತೆಗೆಯಿರಿ, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಗೊತ್ತಾಗಬೇಕು. ನನ್ನ ಮನೆಯಲ್ಲೇ ಒಂದು ಸಲ ಇದನ್ನು ಮಾಡದೆ ಟೈಲ್ಸ್ ಹಾಕಿಸಿಬಿಟ್ಟೆ. ಎರಡು ವರ್ಷದ ಮೇಲೆ ಕನ್ನಡಿ ನೇತುಹಾಕಲು ಡ್ರಿಲ್ ಇಟ್ಟರೆ ಅದು ಸೀದಾ ಬಿಸಿನೀರಿನ ಪೈಪಿಗೆ ಇಳಿಯಿತು. ನಿಮ್ಮ ಮನೆಯಲ್ಲಿ ಪೈಪ್ ಮೇಲೆ ಪ್ಲಾಸ್ಟರ್ ಬಿದ್ದಾಗಿದೆ, ಆದರೂ ಟೈಲ್ಸ್‌ಗೆ ಮೊದಲು ಪೈಪಿಗೆ ನೀರು ತುಂಬಿಸಿ, ಕೈಪಂಪಿನಿಂದ ಒತ್ತಡ ಕೊಟ್ಟು, ಗೇಜಿನ ಮುಳ್ಳು ಇಳಿಯುತ್ತದಾ ನೋಡಿಸಿ. ಈಗ ಸೋರಿದರೆ ಪ್ಲಾಸ್ಟರ್ ಒಡೆದರೆ ಸಾಕು. ಆಮೇಲೆ ಸೋರಿದರೆ ಟೈಲ್ಸ್ ಕೂಡ ಹೋಗುತ್ತದೆ.

ಕೆಲಸದವರ ಮೇಲೆ ಸಿಟ್ಟು ತೋರಿಸಬೇಡಿ. ಅವರಿಗೂ ಎಷ್ಟೋ ವಾರದ ಕೂಲಿ ಬಂದಿರುವುದಿಲ್ಲ. ಅವರಿಗೆ ನೀವೇ ಕೊಡುವುದಾದರೆ ಕಾಂಟ್ರಾಕ್ಟರ್‌ನಿಂದ ಒಪ್ಪಿಗೆ ಬರೆಸಿಕೊಳ್ಳಿ, ರಸೀದಿ ತಗೊಳ್ಳಿ, ಅದನ್ನೂ ಕಾಂಟ್ರಾಕ್ಟರ್ ಲೆಕ್ಕದಲ್ಲಿ ಕಳೆಯಿರಿ. ಕೂಲಿ, ಸಾಮಾನಿನ ಬಾಕಿಗೆ ಮನೆಯ ಮೇಲೇ ಹಕ್ಕು ಹೂಡಲು ಕೆಲವು ದೇಶಗಳ ಕಾನೂನಿನಲ್ಲಿ ಅವಕಾಶ ಇದೆ. ಆ ಕಾರಣಕ್ಕೂ ರಸೀದಿ ಜೋಪಾನ.

ಎಕ್ಸ್‌ಟ್ರಾ ಅನ್ನುವ ಮಾತು ನಿಮಗೂ ಬಂದೇ ಬರುತ್ತದೆ. ಒಂದು ಮನೆಯಲ್ಲಿ ನನಗೆ ಸಿಮೆಂಟ್ ಚೀಲದ ಹರಿದ ಕಾಗದ ತೋರಿಸಿದರು. ಅದರ ಒಳಮೈ ಮೇಲೆ ಪೆನ್ಸಿಲ್‌ನಲ್ಲಿ 14 ಎಕ್ಸ್‌ಟ್ರಾ ಕೆಲಸಗಳ ಪಟ್ಟಿ ಇತ್ತು, ಪ್ರತಿಯೊಂದರ ಮುಂದೆ ಒಂದು ಮೊತ್ತ. ಮನೆಯಾಕೆ ಮೊದಲ ಎಸ್ಟಿಮೇಟ್ ತಂದರು. ನೆಲದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು, ಅವರೇ ಬೆರಳಿಟ್ಟು ಒಂದೊಂದೇ ಸಾಲು ಓದಿದರು. 14ರಲ್ಲಿ 9 ಕೆಲಸ ಎಸ್ಟಿಮೇಟ್‌ನಲ್ಲಿ ಆಗಲೇ ಇದ್ದವು. ಉಳಿದ ಐದರಲ್ಲಿ ಎರಡನ್ನು ಅವರು ಕೇಳೇ ಇರಲಿಲ್ಲ. ಆ ಎಸ್ಟಿಮೇಟ್ ಅವರ ಹತ್ತಿರ ಇರದಿದ್ದರೆ ಅಷ್ಟೂ ಕೊಟ್ಟುಬಿಡುತ್ತಿದ್ದರು. ಬದಲಾವಣೆ ಏನೇ ಇರಲಿ, ಕೆಲಸ ಶುರುವಾಗುವ ಮೊದಲು ಮೂರು ಸಾಲು ಬರೆಯಿರಿ: ಏನು, ಎಷ್ಟು ದುಡ್ಡು, ಎಷ್ಟು ದಿನ ತಡ. ಇಬ್ಬರೂ ಸಹಿ ಮಾಡಿ. ಆಮೇಲೆ ನೋಡೋಣ ಬಿಡಿ ಅಂದ ಕಡೆಯಿಂದಲೇ ಜಗಳ ಶುರುವಾಗುವುದು.

ಇನ್ನೂ ಶುರು ಮಾಡದವರು ಇದನ್ನು ಓದುತ್ತಿದ್ದರೆ ಕೇಳಿ. ಅಡ್ವಾನ್ಸ್ ನೂರಕ್ಕೆ 10ರ ಆಸುಪಾಸು ಇರಲಿ, ಅರ್ಧ ಕೇಳಿದವರಿಗೆ ನಮಸ್ಕಾರ ಹೇಳಿ ಕಳಿಸಿ. ಉಳಿದ ಕಂತುಗಳನ್ನು ತಾರೀಖಿಗೆ ಕಟ್ಟಬೇಡಿ, ಕಣ್ಣಿಗೆ ಕಾಣುವ ಕೆಲಸಕ್ಕೆ ಕಟ್ಟಿ. ಕೊನೆಯ 5ರಿಂದ 10 ಭಾಗ ನಿಮ್ಮ ಹತ್ತಿರವೇ ಇರಲಿ, ಸಣ್ಣಪುಟ್ಟ ಕುಂದುಗಳೆಲ್ಲ ಸರಿಯಾದ ಮೇಲೆ ಕೊಡಿ. ಇದನ್ನು ಮೊದಲೇ ಒಪ್ಪಂದದಲ್ಲಿ ಬರೆದಿರಬೇಕು, ಕೊನೆಗೆ ಹೇಳಿದರೆ ಅದು ನಿಮ್ಮ ತಪ್ಪು. ಇದಲ್ಲದೆ ಒಟ್ಟು ಮೊತ್ತದ 15, 20 ಭಾಗ ಪಕ್ಕಕ್ಕೆ ಎತ್ತಿಡಿ. ಹಳೇ ಗೋಡೆ ಒಡೆದಾಗ ಒಳಗೆ ಏನಿರುತ್ತದೆ ಅಂತ ಒಡೆಯುವ ತನಕ ಯಾರಿಗೂ ಗೊತ್ತಿರುವುದಿಲ್ಲ. ಆ ದುಡ್ಡಿನ ವಿಷಯ ಕಾಂಟ್ರಾಕ್ಟರ್ ಮುಂದೆ ಎತ್ತಬೇಡಿ.

ಪ್ರಶ್ನೆ: ಗೊತ್ತಿರುವವರೇ ಕಾಂಟ್ರಾಕ್ಟರ್. ಒಪ್ಪಂದ ಬರೆಯೋಣ ಅಂದರೆ ಬೇಜಾರು ಮಾಡಿಕೊಳ್ಳುವುದಿಲ್ಲವೇ?

ಇವತ್ತು ಸ್ವಲ್ಪ ಬೇಜಾರಾದರೆ ಪರವಾಗಿಲ್ಲ, ಬರೆಯಿರಿ.

ಪ್ರಶ್ನೆ: ಸ್ಕ್ವೇರ್ ಫೀಟ್ ಲೆಕ್ಕದಲ್ಲಿ ರಿನೋವೇಶನ್ ರೇಟ್ ಎಷ್ಟು?

ಹೊಸ ಮನೆಗಾದರೆ ಅಂಥ ಲೆಕ್ಕ ಹೇಳಬಹುದು, ಹಳೇ ಮನೆ ಒಡೆದು ಕಟ್ಟುವುದಕ್ಕೆ ಯಾರಾದರೂ ಹೇಳಿದರೆ ನಂಬಬೇಡಿ.

ಪ್ರಶ್ನೆ: ಹಾಲ್ ಮತ್ತು ಅಡುಗೆಮನೆ ನಡುವಿನ ಗೋಡೆ ತೆಗೆಸಬೇಕು. ಕಾಂಟ್ರಾಕ್ಟರ್ ಬೆರಳಿನಿಂದ ತಟ್ಟಿ ನೋಡಿ, ಇದು ಭಾರ ಹೊರುವ ಗೋಡೆ ಅಲ್ಲ, ತೆಗೆಯಬಹುದು ಅಂದರು.

ತಟ್ಟಿ ನೋಡಿ ಹೇಳುವವರ ಮೇಲೆ ನನಗೆ ಬರುವ ಕೋಪ ಅಷ್ಟಿಷ್ಟಲ್ಲ. ತಟ್ಟಿದರೆ ಗೋಡೆ ಟೊಳ್ಳೋ ಗಟ್ಟಿಯೋ ಅಂತ ಗೊತ್ತಾಗುತ್ತದೆ, ಅಷ್ಟೇ. ಅದರ ಮೇಲೆ ಏನು ಕೂತಿದೆ ಅಂತ ಗೊತ್ತಾಗುವುದಿಲ್ಲ. ತೆಳು ಗೋಡೆಯೂ ಎಷ್ಟೋ ಸಲ ಭಾರ ಹೊತ್ತಿರುತ್ತದೆ. ಮೇಲಿನ ಸ್ಲ್ಯಾಬ್ ಯಾವ ಕಡೆಗೆ ಕೂತಿದೆ, ಬೀಮ್ ಎಲ್ಲಿದೆ, ಮೇಲಿನ ಮಹಡಿಯಲ್ಲಿ ಇದೇ ಗೆರೆಯಲ್ಲಿ ಗೋಡೆ ಇದೆಯಾ ಅಂತ ನೋಡಬೇಕಾದವರು ಸ್ಟ್ರಕ್ಚರಲ್ ಇಂಜಿನಿಯರ್. ಅವರು ಬರೆದುಕೊಡದೆ ಒಂದು ಇಟ್ಟಿಗೆಯನ್ನೂ ಮುಟ್ಟಲು ಬಿಡಬೇಡಿ. ಭಾರ ಹೊತ್ತ ಗೋಡೆಯನ್ನು ಅವರು ತೆಗೆಯಬಹುದು ಅಂದರೂ ಮೊದಲು ಆಸರೆ ಕಂಬ ಕೊಡಬೇಕು, ಬೀಮ್ ಕೂರಿಸಬೇಕು, ಆಮೇಲೆ ಗೋಡೆ. ಆಸರೆ ಕಂಬ ನಡೆದಾಡಲು ಅಡ್ಡ ಬರುತ್ತದೆ ಅಂತ ಮಧ್ಯದಲ್ಲಿ ತೆಗೆದ ಮನೆಯನ್ನು ನಾನು ನೋಡಿದ್ದೇನೆ. ಮೇಲಿನ ಮಹಡಿಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡು ತೆರೆಯುತ್ತಿರಲಿಲ್ಲ. ಸ್ಲ್ಯಾಬ್ ಅಷ್ಟು ಇಳಿದಿತ್ತು.

ಇದೇ ಮಾತು ವೈರಿಂಗ್‌ಗೆ ಗೋಡೆ ಕೊರೆಯುವಾಗಲೂ. ಮೇಲಿಂದ ಕೆಳಕ್ಕೆ ನೇರವಾಗಿ ಕೊರೆದರೆ ಗೋಡೆಯ ದಪ್ಪದ ಮೂರನೇ ಒಂದು ಭಾಗ, ಅಡ್ಡ ಕೊರೆದರೆ ಆರನೇ ಒಂದು ಭಾಗ, ಅದಕ್ಕಿಂತ ಆಳ ಹೋಗಬಾರದು. ಕಾಂಟ್ರಾಕ್ಟರ್‌ಗೆ ಈ ಲೆಕ್ಕ ಗೊತ್ತಾ ಅಂತ ಕೇಳಿ ನೋಡಿ.

ಪ್ರಶ್ನೆ: ಕೆಲಸ ನಡೆಯುವಾಗ ಅದೇ ಮನೆಯಲ್ಲಿ ಇರಬಹುದಾ?

ಪುಟ್ಟ ಮಕ್ಕಳು, ಗರ್ಭಿಣಿಯರು, ಉಬ್ಬಸ ಇರುವವರು ಇದ್ದರೆ ಬೇಡವೇ ಬೇಡ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಹಳೇ ಶೀಟ್‌ಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರಬಹುದು. ಅವನ್ನು ಪರೀಕ್ಷೆ ಮಾಡಿಸದೆ ಉಜ್ಜಲು, ಕತ್ತರಿಸಲು ಬಿಡಬೇಡಿ.

ಪ್ರಶ್ನೆ: ಗೋಡೆಯ ತೇವಕ್ಕೆ ವಾಟರ್‌ಪ್ರೂಫ್ ಬಣ್ಣ ಹೊಡೆದರೆ ಸರಿಹೋಗುತ್ತದೆ ಅನ್ನುತ್ತಾರೆ. ನಿಜವೇ?

ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕದೆ ಡಬ್ಬಿ ತೆರೆಯುವವರು ನಿಮ್ಮ ದುಡ್ಡನ್ನು ಗೋಡೆಗೆ ಬಳಿಯುತ್ತಿದ್ದಾರೆ, ಅಷ್ಟೇ.

ಪ್ರಶ್ನೆ: ಹೊಸ ಪ್ಲಾಸ್ಟರ್ ಒಣಗಿದ ಹಾಗೆ ಕಾಣುತ್ತದೆ. ವಾರದಲ್ಲಿ ಬಣ್ಣ ಹೊಡೆಸಲೇ?

ಸುಮ್ನೆ ಅವಸರ ಮಾಡಬೇಡಿ. ಸಿಮೆಂಟ್ ಪ್ಲಾಸ್ಟರ್ ಆದರೆ ಕಡಿಮೆ ಅಂದರೂ 28 ದಿನ ಬಿಡಿ.

ಪ್ರಶ್ನೆ: ಬಾತ್‌ರೂಮ್ ಕೆಲಸ ಸರಿಯಾಗಿ ಆಗಿದೆ ಅಂತ ನಮ್ಮಂಥವರು ನೋಡಿ ತಿಳಿಯುವುದು ಹೇಗೆ? ಬಿಲ್ ಕೊಡುವ ಮೊದಲು ಏನು ನೋಡಬೇಕು?

ಒಳ್ಳೇ ಪ್ರಶ್ನೆ, ಹೀಗೆ ಕೇಳುವವರು ಕಡಿಮೆ. ವಾಟರ್‌ಪ್ರೂಫಿಂಗ್ ಬಿಲ್ ಕೊಡುವ ಮೊದಲು, ಟೈಲ್ಸ್ ಹಾಕುವುದಕ್ಕೂ ಮೊದಲು, ನೀರು ಹೋಗುವ ಕಿಂಡಿಗೆ ಬಿರಡೆ ಹಾಕಿಸಿ. ಬಾಗಿಲ ಹತ್ತಿರ ಸಣ್ಣ ಕಟ್ಟೆ ಕಟ್ಟಿಸಿ, ಎರಡು ಬೆರಳಿನಷ್ಟು ನೀರು ನಿಲ್ಲಿಸಿ. ನೀರಿನ ಮಟ್ಟಕ್ಕೆ ಗೋಡೆ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಕಡಿಮೆ ಅಂದರೂ 24 ಗಂಟೆ ಬಿಡಿ, 48 ಆದರೆ ಇನ್ನೂ ಒಳ್ಳೆಯದು. ಕೆಳಗಿನ ಮಹಡಿಯ ಚಾವಣಿ, ಪಕ್ಕದ ಕೋಣೆಯ ಗೋಡೆ ಎರಡನ್ನೂ ಕೈಯಿಂದ ಮುಟ್ಟಿ ನೋಡಿ. ಆವಿಯಾಗಿ ಒಂದು ಚೂರು ಇಳಿಯುವುದು ಸಹಜ, ಗೆರೆಗಿಂತ ಚೆನ್ನಾಗಿಯೇ ಇಳಿದಿದ್ದರೆ ಟೈಲ್ಸ್ ನಿಲ್ಲಿಸಿ. ಟೈಲ್ಸ್ ಹಾಕಿದ ಮೇಲೆ ಒಂದು ಬಕೆಟ್ ನೀರು ಸುರಿದು ಹತ್ತು ನಿಮಿಷ ಬಿಟ್ಟು ಬನ್ನಿ. ಮೂಲೆಯಲ್ಲಿ ನೀರು ನಿಂತಿದ್ದರೆ ಇಳಿಜಾರು ತಪ್ಪಿದೆ. ಆಮೇಲೆ ಒಂದು ನಾಣ್ಯ ತಗೊಂಡು ಪ್ರತಿ ಟೈಲ್ ಮೇಲೆ, ನಡುವೆ ಒಂದು ಸಲ, ನಾಲ್ಕೂ ಮೂಲೆಗೆ ಒಂದೊಂದು ಸಲ ತಟ್ಟಿ. ಟೊಳ್ಳು ಸದ್ದು ಬಂದ ಟೈಲ್ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಫೋಟೋ ತೆಗೆದು ಕಾಂಟ್ರಾಕ್ಟರ್‌ಗೆ ಕಳಿಸಿ. ಅವನ್ನು ಕಿತ್ತು ಮತ್ತೆ ಹಾಕಿದ ಮೇಲೆ ಬಿಲ್ ಕೊಡಿ.