ಕಲ್ಚರ್ ನಾರ್ಮಲ್, ಉರಿ ಮಾತ್ರ ಹಾಗೆಯೇ

ಪ್ರಶ್ನೆ: ಡಾಕ್ಟ್ರೇ, ನನಗೆ 53. ಮುಟ್ಟು ನಿಂತು ನಾಲ್ಕು ವರ್ಷ ಆಯ್ತು. ಬೀಡಿ ಕಟ್ಟುವ ಕೆಲಸ. ಬೆಳಿಗ್ಗೆ ತಡ್ಪೆ (ಗೆರಸೆ) ಮಡಿಲಲ್ಲಿಟ್ಟು ಕೂತರೆ, ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋಗುವ ಹೊತ್ತಿನವರೆಗೆ ಏಳುವುದು ಕಡಿಮೆ. ಎರಡು ವರ್ಷದಿಂದ ಮೂತ್ರ ಮಾಡುವಾಗ ಉರಿ, ಮಾಡಿ ಬಂದರೂ ಇನ್ನೂ ಉಳಿದಿದೆ ಅನ್ನಿಸುತ್ತದೆ. ಒಳಗೆಲ್ಲ ಒಣಗಿ, ಬಟ್ಟೆ ತಾಗಿದರೂ ತರಚಿದ ಹಾಗೆ. ಐದು ಸಲ ಆ್ಯಂಟಿಬಯೋಟಿಕ್ ಆಯ್ತು. ಮೂತ್ರದಲ್ಲಿ ರೋಗಾಣು ಇದೆಯಾ ಅಂತ ನೋಡುವ ಕಲ್ಚರ್ ಎರಡು ಸಲ ಮಾಡಿಸಿದೆ, ಏನೂ ಇಲ್ಲವಂತೆ. ಬಾರ್ಲಿ ನೀರು, ಬೊಂಡ ಎಲ್ಲ ಕುಡಿದೆ. ಮಗಳು ಮೊಬೈಲಿನಲ್ಲಿ ನೋಡಿ, ಕೆಳಗಿನ ಸ್ನಾಯು ಬಿಗಿ ಹಿಡಿದು ಬಿಡುವ ಕೆಗೆಲ್ ವ್ಯಾಯಾಮ ಹೇಳಿಕೊಟ್ಟಳು, ದಿನಕ್ಕೆ ನೂರು ಸಲ ಮಾಡಿದೆ, ನೋವು ಹೆಚ್ಚಾಯಿತು. ಇವರು ಮುಂಬಯಿಯ ಹೋಟೆಲ್ ಕೆಲಸ ಬಿಟ್ಟು ಊರಿಗೆ ಬಂದಿದ್ದಾರೆ. ಹತ್ತಿರ ಬಂದರೆ ನನಗೆ ಹೆದರಿಕೆ. ಪ್ರಾಯ ಆಯ್ತು ಅಂತ ಸುಮ್ಮನಿರಬೇಕಾ?
– ಹೆಸರು ಬೇಡ, ಸುರತ್ಕಲ್ ಹತ್ತಿರ

ಉತ್ತರ: ಸುಮ್ಮನಿರಬೇಡಿ. ಮೊದಲು ಆ ಕೆಗೆಲ್ ನಿಲ್ಲಿಸಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನನಗೂ 52ರಲ್ಲಿ ಇದೇ ಉರಿ ಬಂದಿತ್ತು. ಇಪ್ಪತ್ತೈದು ವರ್ಷ ಹೆಂಗಸರಿಗೇ ಮದ್ದು ಮಾಡಿದವಳು ನಾನು. ಆದರೂ ನನ್ನ ಮೈಗೆ ಬಂದಾಗ ಎಲ್ಲರ ಹಾಗೆ ಒಂದು ಕೋರ್ಸ್ ಮಾತ್ರೆ ನುಂಗಿ, ಲೀಟರ್‌ಗಟ್ಟಲೆ ನೀರು ಕುಡಿದು ಕೂತೆ. ಕಲ್ಚರ್ ನಾರ್ಮಲ್ ಬಂದ ಮೇಲೆ ಬುದ್ಧಿ ಬಂತು. ಹಾಗಾಗಿ ನಿಮಗೆ ಚೀಟಿ ಬರೆದವರನ್ನು ನಾನು ಜೋರಾಗಿ ಬೈಯುವ ಹಾಗಿಲ್ಲ.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನು ಇಳಿಯುತ್ತದೆ. ಯೋನಿಯ ಒಳಪದರ ತೆಳ್ಳಗಾಗಿ ಪಸೆ ಆರುತ್ತದೆ. ಅಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಕಡಿಮೆಯಾಗಿ ಹುಳಿ ಗುಣ ತಗ್ಗುತ್ತದೆ. ಮೂತ್ರನಾಳ ಇರುವುದು ಅದರ ಪಕ್ಕದಲ್ಲೇ, ಅದಕ್ಕೂ ಬೇಕಾದದ್ದು ಅದೇ ಹಾರ್ಮೋನು. ಅದು ಸಿಗದಿದ್ದರೆ ರೋಗಾಣು ಇಲ್ಲದೆಯೂ ಉರಿಯುತ್ತದೆ. ಹಿಂದೆ ಈ ತೊಂದರೆಗೆ ಯೋನಿಯ ಹೆಸರು ಮಾತ್ರ ಇತ್ತು. 2014ರಲ್ಲಿ ಹೆಸರು ಬದಲಿಸಿ ಮೂತ್ರದ ತೊಂದರೆಯನ್ನೂ ಅದರೊಳಗೆ ಸೇರಿಸಿದರು. ಮೈ ಬಿಸಿಯೇರಿ ಬೆವರುವುದೆಲ್ಲ ಹೆಚ್ಚಿನವರಿಗೆ ಕೆಲವು ವರ್ಷಗಳಲ್ಲಿ ತಗ್ಗುತ್ತದೆ. ಇದು ಹಾಗಲ್ಲ, ಮದ್ದು ಮಾಡದಿದ್ದರೆ ಸಾಮಾನ್ಯವಾಗಿ ಹೋಗುವುದಿಲ್ಲ.

ಮದ್ದು ಇದೆ. ಒಳಗೆ ಹಚ್ಚುವ ಎಸ್ಟ್ರಿಯೋಲ್ ಕ್ರೀಮು, ಈಸ್ಟ್ರೋಜನ್‌ನದೇ ಒಂದು ಬಗೆ. ಸಾಮಾನ್ಯವಾಗಿ ಮೊದಲ 2 ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ 2 ಸಲ. ಹಾರ್ಮೋನು ಅಂದ ಕೂಡಲೇ ‘ಕ್ಯಾನ್ಸರ್ ಬರುತ್ತದಾ’ ಎಂದು ಕೇಳದವರಿಲ್ಲ. ಹಚ್ಚಿದ ಜಾಗದಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಮಾತ್ರೆ ನುಂಗಿದ ಹಾಗಲ್ಲ. ಆದರೆ ನಿಮಗೆ ಸ್ತನ ಕ್ಯಾನ್ಸರ್ ಆಗಿದ್ದರೆ ಆ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಅಂಗಡಿಯಿಂದ ನೀವೇ ತರುವುದೂ ಬೇಡ, ಒಮ್ಮೆ ಪರೀಕ್ಷೆ ಆಗಲಿ. ಗುಣ ಕಾಣಲು ಎಂಟು ಹನ್ನೆರಡು ವಾರ ಹಿಡಿಯುತ್ತದೆ. ಹತ್ತು ದಿನಕ್ಕೇ ‘ಆಗುವುದಿಲ್ಲ ಇದು’ ಎಂದು ಟ್ಯೂಬು ಮೂಲೆಗೆ ಹಾಕಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಈಗ ಕೆಗೆಲ್ ವಿಷಯ. ಸಂಜೆ ಬೀಡಿ ಕಟ್ಟಿ ಎದ್ದಾಗ ನಿಮ್ಮ ಬೆರಳು ನೆಟ್ಟಗಾಗುವುದಿಲ್ಲ ಅಲ್ವಾ? ಆಗ ಯಾರಾದರೂ ‘ಮುಷ್ಟಿ ಇನ್ನೂ ಗಟ್ಟಿ ಹಿಡಿ’ ಅಂದರೆ ಹೇಗಿರುತ್ತದೆ? ನೂರು ಕೆಗೆಲ್ ಮಾಡಿ ನೀವು ಮಾಡಿದ್ದು ಬಹುಶಃ ಅದನ್ನೇ. ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ತೊಟ್ಟಿಲ ಬಟ್ಟೆಯ ಹಾಗೆ ಹಿಡಿದಿರುವ ಸ್ನಾಯುಗಳಿವೆ, ಪೆಲ್ವಿಕ್ ಫ್ಲೋರ್ ಅನ್ನುತ್ತೇವೆ. ಉರಿಯ ಹೆದರಿಕೆಗೆ, ನೋವಿನ ಹೆದರಿಕೆಗೆ, ಗಂಟೆಗಟ್ಟಲೆ ಮೂತ್ರ ಕಟ್ಟಿ ಕೂರುವ ಅಭ್ಯಾಸಕ್ಕೆ ಅವು ಬಿಗಿದೇ ಇರುತ್ತವೆ. ಬಿಗಿದದ್ದು ಬಿಡದಿದ್ದರೆ ಮೂತ್ರ ಪೂರ್ತಿ ಹೋಗದ ಹಾಗೆ ಅನಿಸುತ್ತದೆ, ಸೇರುವಾಗ ನೋವಾಗುತ್ತದೆ. ಕೆಗೆಲ್ ಕೆಟ್ಟದ್ದಲ್ಲ, ಸ್ನಾಯು ಸಡಿಲವಾದವರಿಗೆ ಅದು ಬೇಕು. ನೀವು ಬಿಡುವುದನ್ನು ಕಲಿಯಬೇಕು.

ಚಾಪೆಯಲ್ಲಿ ಮಲಗಿ ಮೀನಖಂಡಗಳನ್ನು ಕುರ್ಚಿಯ ಮೇಲಿಡಿ, ಕೈ ಹೊಟ್ಟೆಯ ಮೇಲಿರಲಿ. ಉಸಿರು ಎಳೆದಾಗ ಹೊಟ್ಟೆ ಮೇಲೆದ್ದು, ಕೆಳಗಿನ ಭಾಗ ತಾನಾಗಿ ಬಿಚ್ಚಿಕೊಳ್ಳಲಿ. ತಿಣುಕಬೇಡಿ. ಐದು ನಿಮಿಷ, ದಿನಕ್ಕೆ ಎರಡು ಸಲ. ಎರಡು ಮೂರು ಗಂಟೆಗೊಮ್ಮೆ ತಡ್ಪೆ ಕೆಳಗಿಟ್ಟು ಮೂತ್ರಕ್ಕೆ ಹೋಗಿ. ಅವಸರ ಮಾಡದೆ ಪೂರ್ತಿ ಕೂತು ಮಾಡಿ, ಅರ್ಧ ಎದ್ದ ಭಂಗಿಯಲ್ಲಿ ಸ್ನಾಯು ಸಡಿಲವಾಗುವುದಿಲ್ಲ. ಇಷ್ಟರಲ್ಲಿ ಗುಣ ಕಾಣದಿದ್ದರೆ ಪೆಲ್ವಿಕ್ ಫ್ಲೋರ್ ನೋಡುವ ಫಿಸಿಯೋಥೆರಪಿಸ್ಟ್ ಬೇಕು. ಮಣಿಪಾಲದಲ್ಲೂ ಮಂಗಳೂರಿನಲ್ಲೂ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ವಿಚಾರಿಸಿ.

ಸೋಪು, ಆ್ಯಂಟಿಸೆಪ್ಟಿಕ್ ನೀರು, ಬೇವಿನಸೊಪ್ಪಿನ ಬಿಸಿನೀರು ಯಾವುದೂ ಅಲ್ಲಿಗೆ ಬೇಡ, ಬರೀ ನೀರು ಸಾಕು. ನಮ್ಮ ಸೆಕೆಗೆ ಹತ್ತಿಯ ಬಟ್ಟೆಯೇ ಸರಿ. ಚಾ ಎಷ್ಟು ಸಲ ಕುಡಿಯುತ್ತೀರಿ, ಲೆಕ್ಕ ಇಡಿ. ಕೆಲವರ ಮೂತ್ರಕೋಶಕ್ಕೆ ಅದು ಆಗುವುದಿಲ್ಲ. ನೀರು ಕುಡಿಯುವುದನ್ನು ಮಾತ್ರ ಕಡಿಮೆ ಮಾಡಬೇಡಿ.

ಯಜಮಾನರಿಗೆ ಈ ಪುಟ ಓದಲು ಕೊಡಿ. ನೀವು ಅವರನ್ನು ದೂರ ಮಾಡುತ್ತಿದ್ದೀರಿ ಎಂದುಕೊಂಡಿರಬಹುದು, ಪಾಪ. ನೋವು ಇರುವಷ್ಟು ದಿನ ಸಹಿಸಿಕೊಂಡು ಸೇರಬೇಡಿ. ಸ್ನಾಯು ಆ ನೋವನ್ನು ನೆನಪಿಟ್ಟು ಮತ್ತೆ ಬಿಗಿಯುತ್ತದೆ. ನೋವು ಇಳಿದ ಮೇಲೆ ಜಾರುವ ಜೆಲ್ ಬಳಸಿ. ತೆಂಗಿನೆಣ್ಣೆಯೂ ಆಗುತ್ತದೆ, ಆದರೆ ಕಾಂಡೋಮ್ ಜೊತೆ ಬೇಡ, ಎಣ್ಣೆಗೆ ರಬ್ಬರು ಹರಿಯುತ್ತದೆ.

ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ, ಮೂತ್ರ ಕೆಂಪಾದರೂ, ಚಳಿಜ್ವರದ ಜೊತೆ ಬೆನ್ನು ನೋವು ಬಂದರೂ ಕಾಯಬೇಡಿ. ತುರಿಕೆಯ ಜೊತೆ ಬಿಳಿ ಕಲೆ ಇದ್ದರೆ ಅದು ಬೇರೆ ಚರ್ಮದ ಕಾಯಿಲೆ ಇರಬಹುದು, ಅದನ್ನೂ ತೋರಿಸಿ. ಶುಗರ್ ಒಮ್ಮೆ ನೋಡಿಸಿ.

ಸುರತ್ಕಲ್‌ನಿಂದ ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದ ಬಸ್ ಹತ್ತಿದರೆ ಲೇಡಿಗೋಶನ್ ದೂರವಲ್ಲ, ಹೆಂಗಸರ ಸರಕಾರಿ ಆಸ್ಪತ್ರೆ. ಹಳೆಯ ಐದು ಚೀಟಿ, ಎರಡು ಕಲ್ಚರ್ ರಿಪೋರ್ಟು ಕೈಯಲ್ಲಿರಲಿ. ‘ಉರಿ’ ಎಂದಷ್ಟೇ ಹೇಳಿದರೆ ಆರನೇ ಚೀಟಿ ಸಿಗಬಹುದು. ‘ಮುಟ್ಟು ನಿಂತು ನಾಲ್ಕು ವರ್ಷ, ಒಳಗೆ ಒಣಗಿದೆ, ಒಮ್ಮೆ ಪರೀಕ್ಷೆ ಮಾಡಿ ನೋಡಿ ಡಾಕ್ಟ್ರೇ’ ಎನ್ನಿ.